ಪರೀಕ್ಷಾ ಕೊಠಡಿಯ ಹೊರಗೆ: ಲೇಲಾ ಶಾಹಿನ್ ಮತ್ತು ಟರ್ಕಿ ಮೊಕದ್ದಮೆಯ ಅಧ್ಯಯನ

1998ರ ಮಾರ್ಚ್ 12ರಂದು ಇಸ್ತಾಂಬುಲ್ ವಿಶ್ವವಿದ್ಯಾಲಯದ ಜೆರ್ರಾಹ್‌ಪಾಶಾ ವೈದ್ಯಕೀಯ ಕಾಲೇಜಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವಿಷಯದ ಲಿಖಿತ ಪರೀಕ್ಷೆ ಇತ್ತು. ಬರೆಯಲು ಬಂದ ಲೇಲಾ ಶಾಹಿನ್ ಅವರನ್ನು ಕೊಠಡಿ ಮೇಲ್ವಿಚಾರಕರು ಒಳಗೆ ಬಿಡಲಿಲ್ಲ. ಅವರು ತಲೆಗೆ ಸ್ಕಾರ್ಫ್ ಕಟ್ಟಿದ್ದರು, ಅದೇ ಕಾರಣ. ಎಂಟು ದಿನ ಕಳೆದ ಮೇಲೆ ಮೂಳೆ ಚಿಕಿತ್ಸಾ ವಿಭಾಗದ ಕಚೇರಿ ಅವರ ಹೆಸರು ನೋಂದಾಯಿಸಲು ಒಪ್ಪಲಿಲ್ಲ. ಏಪ್ರಿಲ್ 16ರಂದು ನರರೋಗ ವಿಷಯದ ತರಗತಿಯಿಂದಲೂ ಜೂನ್ 10ರಂದು ಸಾರ್ವಜನಿಕ ಆರೋಗ್ಯದ ಪರೀಕ್ಷೆಯಿಂದಲೂ ಅವರನ್ನು ಹೊರಗಿಟ್ಟರು.

ಈ ನಾಲ್ಕು ತಾರೀಕುಗಳಿಂದ ಹುಟ್ಟಿದ ಮೊಕದ್ದಮೆ ಏಳು ವರ್ಷ ನಡೆಯಿತು. 2005ರ ನವೆಂಬರ್ 10ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಹದಿನೇಳು ನ್ಯಾಯಮೂರ್ತಿಗಳ ವಿಸ್ತೃತ ಪೀಠ ಅಂತಿಮ ತೀರ್ಪು ಕೊಟ್ಟಿತು. ಹದಿನಾರು ಮಂದಿ ಟರ್ಕಿಯ ಪರ, ಒಬ್ಬರು ಮಾತ್ರ ಲೇಲಾ ಪರ. ಧಾರ್ಮಿಕ ಉಡುಪು ಮತ್ತು ಧರ್ಮನಿರಪೇಕ್ಷ ಪ್ರಭುತ್ವದ ಚರ್ಚೆ ಎಲ್ಲೇ ಎದ್ದರೂ ವಕೀಲರು ಈ ತೀರ್ಪನ್ನು ಕೈಗೆತ್ತಿಕೊಳ್ಳುತ್ತಾರೆ. ಅದನ್ನು ಓದಿದಷ್ಟೂ ನನಗೆ ಒಂದು ಕೊರತೆ ಎದ್ದು ಕಾಣುತ್ತದೆ. ಟರ್ಕಿಯ ಚರಿತ್ರೆ, ಅದರ ಸಂವಿಧಾನ, ಅದರ ಆತಂಕಗಳ ಬಗ್ಗೆ ಅಲ್ಲಿ ಪುಟಗಟ್ಟಲೆ ಇದೆ. ಬಾಗಿಲಲ್ಲಿ ತಡೆಹಿಡಿದ ಆ ವಿದ್ಯಾರ್ಥಿನಿಯಿಂದ ಯಾರಿಗೆ ಏನು ತೊಂದರೆಯಾಗಿತ್ತು ಎಂಬ ಬಗ್ಗೆ ಒಂದು ಸಾಲೂ ಇಲ್ಲ.

ನಡೆದದ್ದು

ಲೇಲಾ ಹುಟ್ಟಿದ್ದು 1973ರಲ್ಲಿ, ಆಚಾರವಂತ ಮುಸ್ಲಿಂ ಕುಟುಂಬದಲ್ಲಿ. ತಲೆ ಮುಚ್ಚಿಕೊಳ್ಳುವುದು ತನ್ನ ಧರ್ಮದ ಕರ್ತವ್ಯ ಎಂದು ಅವರು ನಂಬಿದ್ದರು. ಬುರ್ಸಾ ನಗರದ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ವೈದ್ಯಕೀಯ ಓದಿದ್ದರು, ಅಷ್ಟೂ ವರ್ಷ ಸ್ಕಾರ್ಫ್ ಧರಿಸಿಯೇ ತರಗತಿಗೆ ಹೋಗಿದ್ದರು. 1997ರ ಆಗಸ್ಟ್ 26ರಂದು ಐದನೇ ವರ್ಷದ ಓದಿಗೆ ಇಸ್ತಾಂಬುಲ್‌ಗೆ ವರ್ಗವಾಗಿ ಬಂದರು. ಅಲ್ಲಿಯೂ ಮುಂದಿನ ಫೆಬ್ರವರಿಯವರೆಗೆ ಅವರನ್ನು ಯಾರೂ ತಡೆಯಲಿಲ್ಲ.

1998ರ ಫೆಬ್ರವರಿ 23ರಂದು ಕುಲಪತಿಯವರ ಸುತ್ತೋಲೆ ಹೊರಟಿತು. ಈ ಕಾಗದವನ್ನು ನಿಧಾನವಾಗಿ ಓದಬೇಕು. ತಲೆ ಮುಚ್ಚಿಕೊಂಡ ವಿದ್ಯಾರ್ಥಿನಿಯರನ್ನೂ ಗಡ್ಡ ಬಿಟ್ಟ ವಿದ್ಯಾರ್ಥಿಗಳನ್ನೂ, ಅವರು ವಿದೇಶದಿಂದ ಬಂದವರಾಗಿದ್ದರೂ ಸರಿಯೇ, ತರಗತಿಗೆ ಸೇರಿಸಬಾರದು ಎನ್ನುತ್ತದೆ ಅದು. ಅಂಥವರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಹಾಜರಿ ಪಟ್ಟಿಗೆ ಹಾಕಬಾರದು. ಹೆಸರಿಲ್ಲದಿದ್ದರೂ ಬಂದು ಕೂತರೆ ಮೊದಲು ತಿಳಿಹೇಳಬೇಕು. ಎದ್ದು ಹೋಗದಿದ್ದರೆ ಹೆಸರು ಬರೆದುಕೊಳ್ಳಬೇಕು. ಆಗಲೂ ಹೋಗದಿದ್ದರೆ ಪಾಠ ಮಾಡಲಾಗದ ಕಾರಣವನ್ನು ಅಧ್ಯಾಪಕರು ವರದಿ ಬರೆದು ಮೇಲಕ್ಕೆ ಕಳಿಸಬೇಕು, ಶಿಸ್ತುಕ್ರಮ ಆಗಬೇಕು. ಪಾಠ ಹೇಳುವವರನ್ನೇ ಕಾವಲಿಗೆ ನಿಲ್ಲಿಸಿದ ಆದೇಶ ಇದು. ಇದಕ್ಕೆ ಆಧಾರವೆಂದು ಕೊಟ್ಟ ಪಟ್ಟಿಯಲ್ಲಿ ಟರ್ಕಿಯ ಸಂವಿಧಾನ ಮತ್ತು ಆಡಳಿತ ನ್ಯಾಯಾಲಯದ ತೀರ್ಪುಗಳ ಜೊತೆಗೆ ಯುರೋಪಿನ ಮಾನವ ಹಕ್ಕುಗಳ ಆಯೋಗದ ಹೆಸರೂ ಇತ್ತು. ಪದವಿ ಪ್ರಮಾಣಪತ್ರದ ಭಾವಚಿತ್ರದಲ್ಲಿ ಸ್ಕಾರ್ಫ್ ಇರಬಾರದು ಎಂಬ ಟರ್ಕಿಯ ನಿಯಮವನ್ನು ಸ್ಟ್ರಾಸ್‌ಬರ್ಗ್‌ನಲ್ಲೇ ಇದ್ದ ಆ ಆಯೋಗ 1993ರಲ್ಲಿ ಒಪ್ಪಿಕೊಂಡಿತ್ತು. ಸ್ಟ್ರಾಸ್‌ಬರ್ಗ್ ಹೇಳಿದ ಮಾತನ್ನು ಇಸ್ತಾಂಬುಲ್ ಆಧಾರ ಮಾಡಿಕೊಂಡಿತು. ಏಳು ವರ್ಷಗಳ ನಂತರ ಇಸ್ತಾಂಬುಲ್ ಮಾಡಿದ್ದನ್ನು ಸ್ಟ್ರಾಸ್‌ಬರ್ಗ್ ಸರಿ ಎಂದಿತು.

ಆಮೇಲಿನ ಶಿಸ್ತುಕ್ರಮದ ಕತೆ ಚಿಕ್ಕದು. ಮೊದಲು ಎಚ್ಚರಿಕೆ, ಅನಂತರ 1999ರ ಫೆಬ್ರವರಿಯಲ್ಲಿ ಡೀನ್ ಕಚೇರಿಯ ಮುಂದೆ ನಡೆದ ಪ್ರತಿಭಟನೆಯಲ್ಲಿ ಸೇರಿದ್ದಕ್ಕೆ ಒಂದು ಸೆಮಿಸ್ಟರ್ ಅಮಾನತು. 2000ದಲ್ಲಿ ಬಂದ ಕ್ಷಮಾದಾನ ಕಾಯ್ದೆ ಈ ಶಿಕ್ಷೆಗಳನ್ನು ಅಳಿಸಿಹಾಕಿತು. ಅಷ್ಟರಲ್ಲಿ ಲೇಲಾ ದೇಶ ಬಿಟ್ಟು ವಿಯೆನ್ನಾ ವಿಶ್ವವಿದ್ಯಾಲಯ ಸೇರಿಯಾಗಿತ್ತು. ಸುತ್ತೋಲೆ ರದ್ದುಪಡಿಸಲು ಅವರು ಹಾಕಿದ್ದ ಅರ್ಜಿಯನ್ನು ಇಸ್ತಾಂಬುಲ್ ಆಡಳಿತ ನ್ಯಾಯಾಲಯ 1999ರ ಮಾರ್ಚ್‌ನಲ್ಲಿ ವಜಾ ಮಾಡಿತು. ಮೇಲ್ಮನವಿಯೂ 2001ರ ಏಪ್ರಿಲ್‌ನಲ್ಲಿ ಬಿದ್ದುಹೋಯಿತು.

ಭಯಕ್ಕೆ ಕಾರಣವಿತ್ತು

ಟರ್ಕಿಯ ಪ್ರಭುತ್ವ ಸುಮ್ಮನೆ ಹಟಕ್ಕೆ ಬಿದ್ದಿತ್ತು ಎಂದು ಬರೆದರೆ ಅನ್ಯಾಯವಾಗುತ್ತದೆ. 1924ರಲ್ಲಿ ಖಿಲಾಫತ್ತನ್ನೇ ರದ್ದು ಮಾಡಿದ ಗಣರಾಜ್ಯ ಅದು. 1925ರಲ್ಲಿ ಗಂಡಸರ ತಲೆಯ ಮೇಲೆ ಏನಿರಬೇಕು ಎಂಬುದಕ್ಕೂ ಕಾಯ್ದೆ ತಂದಿತು, 1937ರಲ್ಲಿ ಧರ್ಮನಿರಪೇಕ್ಷತೆಯನ್ನು ಸಂವಿಧಾನದಲ್ಲಿ ಬರೆಯಿತು. ಬಹುಪಾಲು ಜನ ಮುಸ್ಲಿಮರಾಗಿರುವ ದೇಶದಲ್ಲಿ ಷರಿಯಾ ಬಿಟ್ಟು ನಾಗರಿಕ ಸಂಹಿತೆ ತಂದು, ಹೆಂಗಸರಿಗೆ ಮತ ಮತ್ತು ಸಮಾನ ವಾರಸಾ ಹಕ್ಕು ಕೊಟ್ಟ ಸಾಧನೆ ಆ ವ್ಯವಸ್ಥೆಯದು. ಅದನ್ನು ಕಳೆದುಕೊಳ್ಳುವ ಭಯ ಅಲ್ಲಿನ ಲಕ್ಷಾಂತರ ಹೆಣ್ಣುಮಕ್ಕಳಿಗೂ ಇತ್ತು.

ಆ ಭಯಕ್ಕೆ ರಕ್ತದ ಕಲೆಯೂ ಅಂಟಿತ್ತು. ಬಹ್ರಿಯೆ ಉಚೋಕ್ ಎಂಬ ವಿದುಷಿ ಇಸ್ಲಾಮಿನ ಇತಿಹಾಸ ಓದಿದವರು, ರಾಜಕಾರಣಿ ಕೂಡ. ತಲೆ ಮುಚ್ಚುವುದು ಇಸ್ಲಾಮಿನಲ್ಲಿ ಕಡ್ಡಾಯವಲ್ಲ ಎಂದು ಬಹಿರಂಗವಾಗಿ ಹೇಳುತ್ತಿದ್ದರು. 1990ರ ಅಕ್ಟೋಬರ್‌ನಲ್ಲಿ ಅಂಕಾರಾದಲ್ಲಿ ಅವರ ಹೆಸರಿಗೆ ಬಂದ ಪಾರ್ಸೆಲ್ ಬಾಂಬ್ ಸಿಡಿದು ಸತ್ತರು. 1993ರ ಜುಲೈನಲ್ಲಿ ಸಿವಾಸ್ ಊರಿನಲ್ಲಿ ಉದ್ರಿಕ್ತ ಗುಂಪು ಹೋಟೆಲೊಂದಕ್ಕೆ ಬೆಂಕಿಯಿಟ್ಟು, ಅಲೆವಿ ಎಂಬ ಮುಸ್ಲಿಂ ಅಲ್ಪಸಂಖ್ಯಾತ ಪಂಥದ ಉತ್ಸವಕ್ಕೆ ಬಂದಿದ್ದ ಕವಿಗಳು, ಹಾಡುಗಾರರು ಸೇರಿ ಮೂವತ್ತಕ್ಕೂ ಹೆಚ್ಚು ಜನರನ್ನು ಸುಟ್ಟಿತು. 1995ರ ಚುನಾವಣೆಯಲ್ಲಿ ನೆಜ್ಮೆತ್ತಿನ್ ಎರ್ಬಕಾನ್ ಅವರ, ಇಸ್ಲಾಮಿಕ್ ರಾಜಕಾರಣದ ರೆಫಾಹ್ ಪಕ್ಷ ಮೊದಲ ಸ್ಥಾನಕ್ಕೆ ಬಂದಿತು. 1997ರ ಫೆಬ್ರವರಿ 28ರಂದು ಸೇನಾ ದಂಡನಾಯಕರು ರಾಷ್ಟ್ರೀಯ ಭದ್ರತಾ ಮಂಡಳಿಯ ಮೂಲಕ ಎರ್ಬಕಾನ್ ಸರ್ಕಾರದ ಮೇಲೆ ಷರತ್ತುಗಳನ್ನು ಹೇರಿದರು. ಜೂನ್‌ನಲ್ಲಿ ಅವರು ಕೆಳಗಿಳಿದರು. 1998ರ ಜನವರಿ 16ರಂದು ಸಂವಿಧಾನ ನ್ಯಾಯಾಲಯ ಪಕ್ಷವನ್ನೇ ವಿಸರ್ಜಿಸಿತು. ಅದಾಗಿ ಐದೇ ವಾರಕ್ಕೆ ಕುಲಪತಿಗಳ ಸುತ್ತೋಲೆ ಹೊರಟಿತು.

ಸ್ಕಾರ್ಫಿನ ಕಾನೂನು ಜಗಳ ಇದಕ್ಕಿಂತಲೂ ಹಳೆಯದು. 1982ರಲ್ಲಿ ಉನ್ನತ ಶಿಕ್ಷಣ ಮಂಡಳಿ ತರಗತಿಗಳಲ್ಲಿ ಅದನ್ನು ನಿಷೇಧಿಸಿತು. 1988ರಲ್ಲಿ ಸಂಸತ್ತು ಧಾರ್ಮಿಕ ನಂಬಿಕೆಯಿಂದ ತಲೆ ಮತ್ತು ಕುತ್ತಿಗೆ ಮುಚ್ಚಿಕೊಳ್ಳಬಹುದು ಎಂದು ಕಾಯ್ದೆ ಮಾಡಿತು. ಮರುವರ್ಷ ಸಂವಿಧಾನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. 1990ರಲ್ಲಿ ಸಂಸತ್ತು ಉಪಾಯ ಹೂಡಿ, ಜಾರಿಯಲ್ಲಿರುವ ಕಾನೂನಿಗೆ ವಿರುದ್ಧವಾಗದಿದ್ದರೆ ಉಡುಪಿನ ಆಯ್ಕೆ ಮುಕ್ತ ಎಂದು ಬರೆಯಿತು. 1991ರಲ್ಲಿ ನ್ಯಾಯಾಲಯ ಆ ಸಾಲನ್ನು ಉಳಿಸಿಕೊಂಡಿತು, ಆದರೆ ಅದರಲ್ಲಿ ಸ್ಕಾರ್ಫ್‌ಗೆ ಜಾಗವಿಲ್ಲ ಎಂದು ವ್ಯಾಖ್ಯಾನ ಮಾಡಿತು. ಉಡುಪು ಮುಕ್ತ ಎಂದು ಕಾಯ್ದೆ ಪುಸ್ತಕ ಹೇಳುತ್ತದೆ, ಸ್ಕಾರ್ಫ್ ಕೂಡದು ಎಂದು ಅದರ ವ್ಯಾಖ್ಯಾನ ಹೇಳುತ್ತದೆ. ಲೇಲಾ ಇಸ್ತಾಂಬುಲ್‌ಗೆ ಬಂದಾಗ ಇದ್ದ ಪರಿಸ್ಥಿತಿ ಇದು.

ಸ್ಟ್ರಾಸ್‌ಬರ್ಗ್ ಕೇಳಿದ ನಾಲ್ಕು ಪ್ರಶ್ನೆ

ಮಾನವ ಹಕ್ಕುಗಳ ಯುರೋಪಿಯನ್ ಒಡಂಬಡಿಕೆಯ 9ನೇ ಪರಿಚ್ಛೇದ ಎರಡು ಭಾಗದ್ದು. ನಂಬಿಕೆ, ಆತ್ಮಸಾಕ್ಷಿ, ಧರ್ಮದ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಧರ್ಮವನ್ನು ಆಚರಣೆಯಲ್ಲಿ ತೋರಿಸಿಕೊಳ್ಳುವ ಸ್ವಾತಂತ್ರ್ಯವೂ ಇದೆ ಎಂಬುದು ಮೊದಲನೆಯದು. ಆ ತೋರಿಕೆಯ ಮೇಲೆ ಮಾತ್ರ ನಿರ್ಬಂಧ ಹಾಕಬಹುದು, ಅದು ಕಾನೂನಿನಲ್ಲಿ ಇರಬೇಕು, ಸಾರ್ವಜನಿಕ ಸುವ್ಯವಸ್ಥೆ ಅಥವಾ ಇತರರ ಹಕ್ಕಿನಂಥ ಉದ್ದೇಶಕ್ಕೆ ಇರಬೇಕು, ಪ್ರಜಾಪ್ರಭುತ್ವದಲ್ಲಿ ಅಗತ್ಯವಾದದ್ದಾಗಿರಬೇಕು ಎಂಬುದು ಎರಡನೆಯದು. ಹಾಗಾಗಿ ಕೋರ್ಟು ಸಾಲಾಗಿ ಕೇಳುತ್ತಾ ಹೋಗುತ್ತದೆ: ಹಕ್ಕಿನಲ್ಲಿ ಕೈಹಾಕಿದ್ದು ಹೌದೇ? ಅದಕ್ಕೆ ಕಾನೂನಿನ ಆಧಾರ ಇದೆಯೇ? ಉದ್ದೇಶ ನ್ಯಾಯಸಮ್ಮತವೇ? ಅಗತ್ಯವಿತ್ತೇ?

ಮೊದಲ ಪ್ರಶ್ನೆಯನ್ನು ಕೋರ್ಟು ದಾಟಿದ ರೀತಿ ಕರ್ನಾಟಕದ ಓದುಗರಿಗೆ ವಿಶೇಷವಾಗಿ ಕಾಣಬಹುದು. ಸ್ಕಾರ್ಫ್ ಇಸ್ಲಾಮಿನಲ್ಲಿ ಕಡ್ಡಾಯವೇ, ಐಚ್ಛಿಕವೇ ಎಂಬ ಗೊಡವೆಗೇ ಅದು ಹೋಗಲಿಲ್ಲ. ಈ ಹೆಣ್ಣುಮಗಳು ಧರ್ಮದ ಪ್ರೇರಣೆಯಿಂದ ಅದನ್ನು ಧರಿಸುತ್ತಾಳೆ, ಅಷ್ಟು ಸಾಕು ಎಂದಿತು. 2022ರಲ್ಲಿ ನಮ್ಮ ಹಿಜಾಬ್ ಪ್ರಕರಣದಲ್ಲಿ ತಿಂಗಳುಗಟ್ಟಲೆ ನಡೆದದ್ದು ‘ಅತ್ಯಗತ್ಯ ಧಾರ್ಮಿಕ ಆಚರಣೆ’ಯ ಚರ್ಚೆ. ನ್ಯಾಯಾಧೀಶರು ಧರ್ಮಗ್ರಂಥದ ಶ್ಲೋಕಗಳನ್ನು ಬಿಡಿಸಿ ಅರ್ಥ ಹೇಳಬೇಕಾದ ಸ್ಥಿತಿ ಅದು. ಈ ಒಂದು ವಿಷಯದಲ್ಲಿ ಸ್ಟ್ರಾಸ್‌ಬರ್ಗ್‌ನ ದಾರಿ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನಾನು ನಂಬುತ್ತೇನೆ.

ಕಾನೂನಿನ ಆಧಾರ ಎಂಬ ಎರಡನೇ ಪ್ರಶ್ನೆಯಲ್ಲಿ ಲೇಲಾ ಪರ ವಕೀಲರಿಗೆ ಒಂದು ಹಿಡಿತ ಇತ್ತು. ಕಾಯ್ದೆಯಲ್ಲಿ ‘ಉಡುಪು ಮುಕ್ತ’ ಎಂದಿದೆ, ನಿಷೇಧ ಎಲ್ಲಿದೆ ಎಂದು ಅವರು ಕೇಳಿದರು. ಕಾಯ್ದೆಯ ಜೊತೆ ಅದರ ಮೇಲಿನ ತೀರ್ಪುಗಳೂ ಸೇರಿದರೇ ಕಾನೂನು ಎಂದು ಕೋರ್ಟು ಉತ್ತರಿಸಿತು. 1991ರ ತೀರ್ಪು ಎಲ್ಲರ ಕಣ್ಣ ಮುಂದಿತ್ತು, ವಿಶ್ವವಿದ್ಯಾಲಯಕ್ಕೆ ಕಾಲಿಟ್ಟಾಗಲೇ ಲೇಲಾ ಅವರಿಗೆ ಇದು ತಿಳಿಯಬಹುದಿತ್ತು ಎಂದಿತು. ಬುರ್ಸಾದಲ್ಲಿ ನಾಲ್ಕು ವರ್ಷ ತಡೆಯದೆ ಓದಲು ಬಿಟ್ಟು, ಡಾಕ್ಟರಾಗಲು ಎರಡು ವರ್ಷ ಬಾಕಿ ಇರುವಾಗ ‘ನಿಮಗೆ ಗೊತ್ತಿರಬೇಕಿತ್ತು’ ಎನ್ನುವುದು ಕಠಿಣವಾದ ಮಾತು. ಉದ್ದೇಶದ ಬಗ್ಗೆ ಎರಡು ಕಡೆಯವರಿಗೂ ಹೆಚ್ಚು ತಕರಾರಿರಲಿಲ್ಲ.

ನಾಲ್ಕನೆಯದೇ ನಿಜವಾದ ಪ್ರಶ್ನೆ. ಇಲ್ಲಿ ಕೋರ್ಟು ಒಂದು ಹಳೆಯ ಸೂತ್ರ ಹಿಡಿಯಿತು. ಧರ್ಮ ಮತ್ತು ಪ್ರಭುತ್ವದ ಸಂಬಂಧ ಯುರೋಪಿನ ಒಂದೊಂದು ದೇಶದಲ್ಲಿ ಒಂದೊಂದು ಬಗೆ, ಆದ್ದರಿಂದ ಆಯಾ ದೇಶದ ವಿವೇಚನೆಗೆ ದೊಡ್ಡ ಅವಕಾಶ ಬಿಡಬೇಕು, ದಿನನಿತ್ಯ ವಿದ್ಯಾರ್ಥಿಗಳ ಜೊತೆ ಇರುವ ವಿಶ್ವವಿದ್ಯಾಲಯಕ್ಕೆ ಸ್ಥಳೀಯ ಅಗತ್ಯ ದೂರದ ಕೋರ್ಟಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ಅದರ ಸಾರ. ಆಮೇಲೆ ಟರ್ಕಿಯ ಸಂದರ್ಭವನ್ನು ವಿವರಿಸಿತು. ಬಹುಪಾಲು ಜನ ಮುಸ್ಲಿಮರಾಗಿರುವಲ್ಲಿ, ಕಡ್ಡಾಯ ಕರ್ತವ್ಯವೆಂದು ಬಿಂಬಿತವಾದ ಚಿಹ್ನೆಯೊಂದು ಅದನ್ನು ಧರಿಸದವರ ಮೇಲೆ ಬೀರುವ ಪರಿಣಾಮವನ್ನು ನೋಡಬೇಕು. ತಮ್ಮ ಧಾರ್ಮಿಕ ಚಿಹ್ನೆಗಳನ್ನು ಇಡೀ ಸಮಾಜದ ಮೇಲೆ ಹೇರಲು ಹೊರಟ ಉಗ್ರ ರಾಜಕೀಯ ಚಳವಳಿಗಳು ಅಲ್ಲಿವೆ. ಧರ್ಮನಿರಪೇಕ್ಷತೆ ಮತ್ತು ಲಿಂಗ ಸಮಾನತೆ ಅಲ್ಲಿನ ಸಂವಿಧಾನದ ಬುನಾದಿ. ಹೀಗೆ ಕಾರಣ ಕೊಟ್ಟು, ನಿಷೇಧ ಅಗತ್ಯವೆಂದು ಕಾಣುವುದಕ್ಕೆ ಅವಕಾಶವಿದೆ ಎಂದು ಮುಗಿಸಿತು.

ಒಂದೊಂದು ಮಾತನ್ನೂ ಬಿಡಿಯಾಗಿ ತೆಗೆದುಕೊಂಡರೆ ಒಪ್ಪುವಂಥದ್ದೇ. ತಲೆ ಮುಚ್ಚದ ಹುಡುಗಿಯ ಮೇಲೆ ಹಾಸ್ಟೆಲಿನಲ್ಲಿ, ಬೀದಿಯಲ್ಲಿ ಬೀಳುವ ಒತ್ತಡ ಕಟ್ಟುಕತೆಯಲ್ಲ. ಅದರಿಂದ ಅವಳನ್ನು ಕಾಪಾಡುವುದು ಪ್ರಭುತ್ವದ ಕೆಲಸವೇ. ಆದರೆ ಒತ್ತಡ ಹಾಕಿದವರು ಯಾರು? ಜೆರ್ರಾಹ್‌ಪಾಶಾದಲ್ಲಿ ಯಾರಾದರೂ ದೂರು ಕೊಟ್ಟಿದ್ದರೇ? ಪಾಠ ನಿಂತಿತ್ತೇ? ಲೇಲಾ ಯಾರನ್ನಾದರೂ ಬಲವಂತ ಮಾಡಿದ್ದರೇ? ತೀರ್ಪಿನಲ್ಲಿ ಇದಕ್ಕೆ ಉತ್ತರ ಹುಡುಕಿದರೆ ಸಿಗುವುದಿಲ್ಲ. ಬೇರೆಯವರು ಮಾಡಬಹುದಾದ ತಪ್ಪಿಗೆ ಬೇಲಿ ಹಾಕಲು ಹೋಗಿ ಈಕೆಯ ಓದನ್ನು ಕಿತ್ತುಕೊಂಡರು.

ಲಿಂಗ ಸಮಾನತೆಯ ವಾದ ನನಗೆ ಇನ್ನೂ ಹೆಚ್ಚು ಅಡ್ಡಿಯಾಗುತ್ತದೆ. ಸುತ್ತೋಲೆ ಗಡ್ಡದ ಗಂಡಸರನ್ನೂ ಅದೇ ವಾಕ್ಯದಲ್ಲಿ ಹೊರಗಿಟ್ಟಿತ್ತು. ಗಡ್ಡ ಬಿಟ್ಟ ಹುಡುಗನನ್ನು ಹೊರಗಿಟ್ಟು ಹೆಂಗಸರ ಸಮಾನತೆ ಕಾಪಾಡಿದಂತಾಗುವುದು ಹೇಗೆ? ಆದೇಶ ಬರೆದವರ ಮನಸ್ಸಿನಲ್ಲಿ ಇದ್ದದ್ದು ಧರ್ಮದ ಗುರುತು. ಸಮಾನತೆಯನ್ನು ಕಾರಣವಾಗಿ ಕೂಡಿಸಿದ್ದು ಆಮೇಲೆ. ಮೇಲಾಗಿ ಈ ವಾದದ ಕೊನೆಯ ಫಲ ಏನು ನೋಡಿ: ಸ್ವಾವಲಂಬಿಯಾಗಲು ಹೆಣ್ಣಿಗಿರುವ ಗಟ್ಟಿ ದಾರಿಯಾದ ವೈದ್ಯಕೀಯ ಪದವಿಯನ್ನು ಅವಳ ಸಮಾನತೆಯ ಹೆಸರಿನಲ್ಲೇ ಅವಳಿಗೆ ಇಲ್ಲವಾಗಿಸುವುದು.

ಶಿಕ್ಷಣದ ಹಕ್ಕಿನ ಬಗ್ಗೆ ಈ ತೀರ್ಪು ಒಂದು ಒಳ್ಳೆಯ ಹೆಜ್ಜೆ ಇಟ್ಟು ಅಲ್ಲೇ ನಿಂತಿತು. ಒಡಂಬಡಿಕೆಯ ಮೊದಲ ಪ್ರೋಟೊಕಾಲಿನ 2ನೇ ಪರಿಚ್ಛೇದ ಶಾಲೆಗಷ್ಟೇ ಸೀಮಿತವೋ, ವಿಶ್ವವಿದ್ಯಾಲಯಕ್ಕೂ ಅನ್ವಯವೋ ಎಂಬ ಗೊಂದಲವನ್ನು ಕೋರ್ಟು ಇಲ್ಲಿ ಬಗೆಹರಿಸಿತು. ದೇಶದಲ್ಲಿ ಉನ್ನತ ಶಿಕ್ಷಣ ಸಂಸ್ಥೆ ಇದೆ ಎಂದಾದರೆ ಅದರ ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂದು ಸ್ಪಷ್ಟವಾಗಿ ಹೇಳಿತು. ಅಷ್ಟು ಹೇಳಿದ ಮೇಲೆ, 9ನೇ ಪರಿಚ್ಛೇದದಡಿ ಕೊಟ್ಟ ಕಾರಣಗಳೇ ಇಲ್ಲಿಗೂ ಸಲ್ಲುತ್ತವೆ ಎಂದು ಕೆಲವೇ ಪ್ಯಾರಾಗಳಲ್ಲಿ ಕೈತೊಳೆದುಕೊಂಡಿತು. ಪರೀಕ್ಷೆಯಿಂದ ಹೊರಗಿಡುವುದಕ್ಕಿಂತ ಹಗುರವಾದ ಬೇರೆ ಉಪಾಯ ಇತ್ತೇ ಎಂಬ ಪ್ರಮಾಣಬದ್ಧತೆಯ ಪ್ರಶ್ನೆ ಇಲ್ಲಿ ಬರಲೇಬೇಕಿತ್ತು.

ಒಬ್ಬರ ಭಿನ್ನ ತೀರ್ಪು

ಬೆಲ್ಜಿಯಂನ ನ್ಯಾಯಮೂರ್ತಿ ಫ್ರಾಂಸ್ವಾಸ್ ಟುಲ್ಕೆನ್ಸ್ ಆ ಪ್ರಶ್ನೆಗಳನ್ನು ಕೇಳಿದರು. ಅವರ ಭಿನ್ನ ತೀರ್ಪನ್ನು ಓದುವಾಗ ಮೊದಲು ಗಮನಕ್ಕೆ ಬರುವುದು, ಅವರು ಧರ್ಮನಿರಪೇಕ್ಷತೆಯನ್ನು ಎಲ್ಲೂ ಹಗುರವಾಗಿ ಕಾಣುವುದಿಲ್ಲ ಎಂಬುದು. ಟರ್ಕಿಗೆ ಅದು ಅಗತ್ಯ, ಅದರ ಜೊತೆಗೆ ಸಮಾನತೆ, ಸ್ವಾತಂತ್ರ್ಯ ಮೂರೂ ಒಟ್ಟಿಗೆ ನಡೆಯಬೇಕು, ಒಂದಕ್ಕಾಗಿ ಇನ್ನೊಂದನ್ನು ಬಲಿಕೊಡಬಾರದು ಎನ್ನುತ್ತಾರೆ. ಲೇಲಾ ತಾನೂ ಧರ್ಮನಿರಪೇಕ್ಷತೆಯನ್ನು ಒಪ್ಪುತ್ತೇನೆ ಎಂದು ಕೋರ್ಟಿಗೆ ಹೇಳಿದ್ದರು, ಅದನ್ನು ಸರ್ಕಾರ ಅಲ್ಲಗಳೆದಿರಲಿಲ್ಲ ಎಂಬುದನ್ನು ನೆನಪಿಸುತ್ತಾರೆ.

ಅನಂತರ ಸಾಕ್ಷ್ಯಕ್ಕೆ ಬರುತ್ತಾರೆ. ಹಕ್ಕಿಗೆ ಕೈಹಾಕಬೇಕಾದರೆ ಬರೀ ಆತಂಕ, ಅನುಮಾನ ಸಾಲದು, ಅಲ್ಲಗಳೆಯಲಾಗದ ಸಂಗತಿ ಬೇಕು ಎನ್ನುತ್ತಾರೆ. ಈ ವಿದ್ಯಾರ್ಥಿನಿ ಸ್ಕಾರ್ಫನ್ನು ಪ್ರಚೋದನೆಗೆ, ಒತ್ತಡಕ್ಕೆ, ಮತಪ್ರಚಾರಕ್ಕೆ ಬಳಸಿದಳು ಎಂದು ಯಾರೂ ಹೇಳಿಲ್ಲ. ವಿಶ್ವವಿದ್ಯಾಲಯದಲ್ಲಿ ಗಲಾಟೆಯಾಗಿತ್ತು, ಪಾಠಕ್ಕೆ ಅಡ್ಡಿಯಾಗಿತ್ತು ಎನ್ನುವುದಕ್ಕೂ ದಾಖಲೆಯಿಲ್ಲ. ಕೋರ್ಟು ಆಧರಿಸಿದ 2001ರ ಸ್ವಿಟ್ಜರ್ಲೆಂಡ್ ಪ್ರಕರಣ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿಯದು. ಎಳೆಯ ಮಕ್ಕಳ ಮುಂದೆ ನಿಲ್ಲುವ ಸರ್ಕಾರಿ ಶಿಕ್ಷಕಿಗೂ ತನ್ನ ಪಾಡಿಗೆ ಓದಲು ಬಂದ ವಯಸ್ಕ ವಿದ್ಯಾರ್ಥಿನಿಗೂ ಇರುವ ಅಂತರವನ್ನು ಬಹುಮತ ಮರೆತಿತು. ಯುರೋಪಿನಲ್ಲಿ ಒಮ್ಮತವಿಲ್ಲ ಎಂಬ ಮಾತನ್ನೂ ಅವರು ಒಪ್ಪುವುದಿಲ್ಲ. ತೀರ್ಪೇ ಕೊಟ್ಟ ತುಲನೆಯ ಪ್ರಕಾರ ವಿಶ್ವವಿದ್ಯಾಲಯದಲ್ಲಿ ಸ್ಕಾರ್ಫ್‌ಗೆ ನಿಯಮ ಮಾಡಿದ್ದು ಸದಸ್ಯ ರಾಷ್ಟ್ರಗಳ ಪೈಕಿ ಟರ್ಕಿ, ಅಜರ್‌ಬೈಜಾನ್, ಅಲ್ಬೇನಿಯಾ ಮೂರೇ.

ಸಮಾನತೆಯ ವಾದಕ್ಕೆ ಅವರ ಉತ್ತರ ನೇರವಾದದ್ದು. ಹೆಣ್ಣೊಬ್ಬಳು ಸ್ವಂತ ಮನಸ್ಸಿನಿಂದ ಅನುಸರಿಸುತ್ತಿರುವ ಆಚರಣೆಯನ್ನು, ಅದಕ್ಕೆ ವಿರುದ್ಧವಾದ ಪುರಾವೆ ಇಲ್ಲದಿರುವಾಗ, ಅವಳದೇ ಸಮಾನತೆಯ ಹೆಸರಿನಲ್ಲಿ ತಡೆಯುವುದು ಹೇಗೆ ಎಂದು ಕೇಳುತ್ತಾರೆ. ಸ್ಕಾರ್ಫಿಗೆ ಒಂದೇ ಅರ್ಥವಿಲ್ಲ, ಅದರ ಅರ್ಥ ನಿರ್ಧರಿಸುವುದು ಕೋರ್ಟಿನ ಕೆಲಸವೂ ಅಲ್ಲ ಎನ್ನುತ್ತಾರೆ.

ಅವರು ಎತ್ತಿದ ಇನ್ನೊಂದು ಹೋಲಿಕೆ ನನಗೆ ಬಹಳ ಗಟ್ಟಿ ಎನಿಸುತ್ತದೆ. 1995ರಲ್ಲಿ ಅಜ್ಮೆಂದಿ ಎಂಬ ಪಂಥದ ಮುಖಂಡನೊಬ್ಬ ಟಿ.ವಿ. ನೇರಪ್ರಸಾರದಲ್ಲಿ ಕೂತು ಧರ್ಮನಿರಪೇಕ್ಷತೆಯನ್ನೂ ಪ್ರಜಾಪ್ರಭುತ್ವವನ್ನೂ ಧರ್ಮದ್ರೋಹ ಎಂದು ಜರೆದಿದ್ದ, ಷರಿಯಾ ಬರಬೇಕು ಎಂದಿದ್ದ. ಟರ್ಕಿ ಅವನಿಗೆ ಶಿಕ್ಷೆ ಕೊಟ್ಟಿತು. 2003ರ ಡಿಸೆಂಬರ್‌ನಲ್ಲಿ ಇದೇ ಸ್ಟ್ರಾಸ್‌ಬರ್ಗ್ ಕೋರ್ಟು, ಹಿಂಸೆಗೆ ಕರೆ ಕೊಡದೆ ಆಡಿದ ಮಾತು ಅದು ಎಂದು ಅವನ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು. ಷರಿಯಾ ಬೇಕು ಎಂದು ಬಹಿರಂಗವಾಗಿ ಘೋಷಿಸಿದವನಿಗೆ ರಕ್ಷಣೆ ಸಿಕ್ಕಿತು. ಧರ್ಮನಿರಪೇಕ್ಷತೆ ನನಗೂ ಒಪ್ಪಿಗೆ ಎಂದು ಹೇಳಿ ಸುಮ್ಮನೆ ಓದುತ್ತಿದ್ದವರಿಗೆ ಸಿಗಲಿಲ್ಲ. ಮುಂದೆ 2010ರ ಫೆಬ್ರವರಿಯಲ್ಲಿ ಅದೇ ಪಂಥದ 127 ಮಂದಿ ಪೇಟ, ನಿಲುವಂಗಿ ತೊಟ್ಟು ಅಂಕಾರಾದ ಬೀದಿಯಲ್ಲಿ ನಡೆದ ಪ್ರಕರಣದಲ್ಲೂ ಕೋರ್ಟು ಟರ್ಕಿಯದೇ ತಪ್ಪು ಎಂದಿತು. ಬೀದಿ ಬೇರೆ, ಸರ್ಕಾರಿ ಸಂಸ್ಥೆ ಬೇರೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ವ್ಯತ್ಯಾಸ ಕಾನೂನಿನ ಕಣ್ಣಲ್ಲಿ ಇರಬಹುದು. ಆದರೆ ಬೀದಿಯಲ್ಲಿ ಮೆರವಣಿಗೆ ಹೊರಟ ಗುಂಪಿಗಿಂತ ಬೆಂಚಿನ ಮೇಲೆ ಕೂತು ಉತ್ತರ ಪತ್ರಿಕೆ ಬರೆಯುವವರಿಂದ ಗಣರಾಜ್ಯಕ್ಕೆ ಹೆಚ್ಚು ಅಪಾಯವೆಂಬುದು ಯಾವ ನ್ಯಾಯಕ್ಕೂ ಸರಿಹೊಂದುವುದಿಲ್ಲ.

ಅದೇ ವರ್ಷ, ತಾಷ್ಕೆಂಟಿನಲ್ಲಿ

ಲೇಲಾ ಅವರನ್ನು ತಡೆದ 1998ರಲ್ಲೇ ಉಜ್ಬೇಕಿಸ್ತಾನದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧಾರ್ಮಿಕ ಉಡುಪನ್ನು ನಿಷೇಧಿಸುವ ಕಾಯ್ದೆ ಬಂತು. ತಾಷ್ಕೆಂಟಿನ ಪೌರಸ್ತ್ಯ ಭಾಷೆಗಳ ಸಂಸ್ಥೆಯಿಂದ ವಿದ್ಯಾರ್ಥಿನಿಯೊಬ್ಬರನ್ನು ಸ್ಕಾರ್ಫ್ ಕಾರಣಕ್ಕೆ ಹೊರಹಾಕಿದರು. ಅವರ ದೂರು ಹೋದದ್ದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ. 2004ರ ನವೆಂಬರ್ 5ರಂದು ಸಮಿತಿ ಆಕೆಯ ಪರ ನಿಂತಿತು. ನಿರ್ಬಂಧ ಹಾಕಲೇಬಾರದು ಎಂದು ಅದು ಹೇಳಲಿಲ್ಲ. ಈ ವಿದ್ಯಾರ್ಥಿನಿಯ ವಿಷಯದಲ್ಲಿ ಆ ನಿರ್ಬಂಧ ಏಕೆ ಬೇಕಾಯಿತು ಎಂಬುದಕ್ಕೆ ಸರ್ಕಾರ ನಿರ್ದಿಷ್ಟ ಕಾರಣವನ್ನೇ ಕೊಟ್ಟಿಲ್ಲ ಎಂದಿತು. ಒಂದೇ ಬಗೆಯ ಪ್ರಶ್ನೆ, ಒಂದು ವರ್ಷದ ಅಂತರದಲ್ಲಿ ಎರಡು ಉತ್ತರ. ಕಾರಣ ತೋರಿಸುವ ಹೊಣೆಯನ್ನು ಒಂದು ಕಡೆ ಸರ್ಕಾರದ ಮೇಲೆ ಹೊರಿಸಿದರು, ಇನ್ನೊಂದು ಕಡೆ ಹೊರಿಸಲಿಲ್ಲ.

ಫ್ರಾನ್ಸಿನ ಸಿಖ್ಖರ ಪೇಟದ ವಿಷಯದಲ್ಲೂ ಈ ಎರಡು ವೇದಿಕೆಗಳು ಬೇರೆಬೇರೆ ದಾರಿ ಹಿಡಿದವು. ಶಾಲೆಯಿಂದ ಹೊರಹಾಕಿದ ಸಿಖ್ ಹುಡುಗನೊಬ್ಬನ ದೂರಿನಲ್ಲಿ 2012ರಲ್ಲಿ ವಿಶ್ವಸಂಸ್ಥೆಯ ಸಮಿತಿ ಫ್ರಾನ್ಸ್ ವಿರುದ್ಧ ಅಭಿಪ್ರಾಯ ಕೊಟ್ಟಿತು. ಅಂಥ ದೂರುಗಳು ಸ್ಟ್ರಾಸ್‌ಬರ್ಗ್‌ನಲ್ಲಿ ನಿಲ್ಲಲಿಲ್ಲ.

ಸ್ಟ್ರಾಸ್‌ಬರ್ಗ್ ತನ್ನ ಮಾತನ್ನು ಪೂರ್ತಿ ಹಿಂತೆಗೆದುಕೊಂಡಿಲ್ಲವಾದರೂ ಒಂದು ಕಡೆ ಜಾಗ ಬದಲಿಸಿತು. 2014ರ ಜುಲೈ 1ರಂದು ಫ್ರಾನ್ಸಿನಲ್ಲಿ ಮುಖ ಮುಚ್ಚುವ ಉಡುಪಿನ ನಿಷೇಧದ ಪ್ರಕರಣ ಬಂದಾಗ, ಹೆಂಗಸರೇ ತಮ್ಮದೆಂದು ಸಮರ್ಥಿಸಿಕೊಳ್ಳುವ ಆಚರಣೆಯನ್ನು ಲಿಂಗ ಸಮಾನತೆಯ ಹೆಸರಲ್ಲಿ ನಿಷೇಧಿಸಲು ಸರ್ಕಾರಕ್ಕೆ ಬರುವುದಿಲ್ಲ ಎಂದು ವಿಸ್ತೃತ ಪೀಠ ಒಪ್ಪಿಕೊಂಡಿತು. ಒಂಬತ್ತು ವರ್ಷ ಮೊದಲು ಟುಲ್ಕೆನ್ಸ್ ಒಬ್ಬರೇ ಹೇಳಿದ್ದ ಮಾತು ಇದು. ನಿಷೇಧವನ್ನು ಮಾತ್ರ ಕೋರ್ಟು ಉಳಿಸಿತು. ‘ಒಟ್ಟಾಗಿ ಬಾಳುವುದು’ ಎಂಬ ಹೊಸ ಕಾರಣ ಸಿಕ್ಕಿತ್ತು.

ಟರ್ಕಿಯಲ್ಲಿ ಮುಂದೇನಾಯಿತು

ನಿಷೇಧ ಕೊನೆಗೂ ಹೋಯಿತು, ಆದರೆ ಯಾವ ಕೋರ್ಟಿನ ತೀರ್ಪಿನಿಂದಲೂ ಅಲ್ಲ. 2008ರ ಫೆಬ್ರವರಿಯಲ್ಲಿ ಸಂಸತ್ತು 411 ಮತಗಳಿಂದ ಸಂವಿಧಾನವನ್ನೇ ತಿದ್ದಿ ವಿಶ್ವವಿದ್ಯಾಲಯಗಳನ್ನು ತೆರೆಯಲು ಹೊರಟಿತು. ಜೂನ್‌ನಲ್ಲಿ ಸಂವಿಧಾನ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದು ಮಾಡಿತು. ಅದೇ ವರ್ಷ ಆಡಳಿತ ಪಕ್ಷವನ್ನೇ ವಿಸರ್ಜಿಸುವ ಮೊಕದ್ದಮೆ ನಡೆದು, ಹನ್ನೊಂದರಲ್ಲಿ ಆರು ನ್ಯಾಯಾಧೀಶರು ವಿಸರ್ಜನೆಗೆ ಮತ ಹಾಕಿದರು. ಏಳು ಬೇಕಿತ್ತು, ಪಕ್ಷ ಉಳಿಯಿತು. 2010ರಲ್ಲಿ ಉನ್ನತ ಶಿಕ್ಷಣ ಮಂಡಳಿ ಇಸ್ತಾಂಬುಲ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು, ಉಡುಪಿನ ಕಾರಣಕ್ಕೆ ವಿದ್ಯಾರ್ಥಿಗಳನ್ನು ತರಗತಿಯಿಂದ ಹೊರಗೆ ಕಳಿಸಬೇಡಿ ಎಂದಿತು. ಸುತ್ತೋಲೆಯಿಂದ ಜಾರಿಯಾದದ್ದು ಪತ್ರದಿಂದ ಮುಗಿಯಿತು. 2013ರಲ್ಲಿ ಬಹುತೇಕ ಸರ್ಕಾರಿ ನೌಕರರಿಗೂ ಆಮೇಲೆ ಪೊಲೀಸ್ ಮತ್ತು ಸೇನೆಗೂ ನಿರ್ಬಂಧ ಸಡಿಲವಾಯಿತು.

1999ರ ಮೇ ತಿಂಗಳಲ್ಲಿ ಮೆರ್ವೆ ಕವಕ್ಚಿ ಎಂಬ ಚುನಾಯಿತ ಸದಸ್ಯೆ ಸ್ಕಾರ್ಫ್ ಧರಿಸಿ ಸಂಸತ್ತಿಗೆ ಬಂದಾಗ ಸದನ ಕೂಗಾಡಿ ಅವರಿಗೆ ಪ್ರಮಾಣವಚನಕ್ಕೂ ಅವಕಾಶ ಕೊಟ್ಟಿರಲಿಲ್ಲ. 2013ರ ಅಕ್ಟೋಬರ್ 31ರಂದು ನಾಲ್ವರು ಸದಸ್ಯೆಯರು ತಲೆ ಮುಚ್ಚಿಕೊಂಡೇ ಅದೇ ಸದನಕ್ಕೆ ಬಂದರು. ಲೇಲಾ ಶಾಹಿನ್ ವಿಯೆನ್ನಾದಲ್ಲಿ ವೈದ್ಯೆಯಾಗಿ ಓದು ಮುಗಿಸಿ, ಮುಂದೆ ಆಡಳಿತ ಪಕ್ಷದಿಂದ ಸಂಸತ್ ಸದಸ್ಯೆಯಾದರು. ಅವರ ರಾಜಕೀಯ ನಿಲುವು ನಮಗೆ ಒಪ್ಪಿಗೆಯಾಗಲಿ, ಆಗದಿರಲಿ, ಆ ಮಾರ್ಚ್‌ನ ಪರೀಕ್ಷೆ ಬರೆಯುವ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ನನಗೆ ಕಳವಳ ತರುವ ಸಂಗತಿ ಬೇರೆ. ಅಧಿಕಾರ ಒಂದು ಗುಂಪಿನ ಕೈಯಲ್ಲಿದ್ದಾಗ ಹೋದ ಹಕ್ಕು ಇನ್ನೊಂದು ಗುಂಪಿನ ಕೈಗೆ ಅಧಿಕಾರ ಬಂದಾಗ ವಾಪಸ್ಸಾಯಿತು. ನಾಳೆ ತಲೆ ಮುಚ್ಚದ ಹುಡುಗಿಯನ್ನು ಯಾವುದಾದರೂ ಕಾಲೇಜು ತಡೆದರೆ ಆಕೆ ತೋರಿಸಬೇಕಾದ ತತ್ವ 2005ರ ಬಹುಮತದ ತೀರ್ಪಿನಲ್ಲಿ ಇಲ್ಲ. ‘ಸ್ಥಳೀಯ ಅಗತ್ಯ ವಿಶ್ವವಿದ್ಯಾಲಯಕ್ಕೇ ಗೊತ್ತು’ ಎಂಬ ಮಾತು ಆಗಲೂ ಆಡಳಿತದ ಕಡೆಗೇ ವಾಲುತ್ತದೆ. ಟುಲ್ಕೆನ್ಸ್ ಅವರ ಭಿನ್ನ ತೀರ್ಪು ಆಕೆಯನ್ನೂ ಕಾಪಾಡಬಲ್ಲದು. ಬಲವಂತಕ್ಕೆ ಪುರಾವೆ ಕೇಳುವ, ವ್ಯಕ್ತಿಯ ಆಯ್ಕೆಯನ್ನು ಗೌರವಿಸುವ ಅದರ ನಿಯಮ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ.

ಬೆಂಗಳೂರು ಮತ್ತು ದೆಹಲಿಯಲ್ಲಿ

ಸಮವಸ್ತ್ರದ ಬಗೆಗಿನ 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಪ್ರಶ್ನಿಸಿ ಉಡುಪಿಯ ಪಿಯು ವಿದ್ಯಾರ್ಥಿನಿಯರು ಹೈಕೋರ್ಟಿಗೆ ಹೋದಾಗ ಟರ್ಕಿಯ ಪ್ರಸ್ತಾಪ ಬಂದಿತ್ತು. ನಮ್ಮ ಸಂವಿಧಾನದ ಧರ್ಮನಿರಪೇಕ್ಷತೆ ಎಲ್ಲ ಧರ್ಮಗಳನ್ನೂ ಸಮಾನವಾಗಿ ಕಾಣುವಂಥದ್ದು, ಧರ್ಮವನ್ನು ಸಾರ್ವಜನಿಕ ಬದುಕಿನಿಂದ ಹೊರಗಿಡುವ ಟರ್ಕಿಯ ಬಗೆಯದಲ್ಲ ಎಂದು ಅರ್ಜಿದಾರರ ಪರ ವಕೀಲರು ವಾದಿಸಿದರು. ಎರಡು ಪ್ರಕರಣಗಳಿಗೂ ದೊಡ್ಡ ವ್ಯತ್ಯಾಸವಿದೆ ಎಂಬುದನ್ನೂ ಹೇಳಬೇಕು. ಉಡುಪಿಯದು ಸಮವಸ್ತ್ರದ ನಿಯಮವಿರುವ ಪಿಯು ಕಾಲೇಜು, ಅಲ್ಲಿನವರು ಹದಿಹರೆಯದ ಮಕ್ಕಳು. ಇಸ್ತಾಂಬುಲ್‌ನಲ್ಲಿ ಸಮವಸ್ತ್ರವಿರಲಿಲ್ಲ, ಲೇಲಾ ವಯಸ್ಕರು. ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2022ರ ಮಾರ್ಚ್ 15ರಂದು ಅರ್ಜಿಗಳನ್ನು ವಜಾ ಮಾಡಿ, ಹಿಜಾಬ್ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ, ಸಮವಸ್ತ್ರದ ನಿಯಮ ಸಮಂಜಸ ಎಂದಿತು.

ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅತ್ಯಗತ್ಯ ಆಚರಣೆಯ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ, ಇದು ಆಯ್ಕೆಯ ವಿಷಯ ಎಂದರು. ಹಳ್ಳಿಯಲ್ಲಿ, ಚಿಕ್ಕ ಊರುಗಳಲ್ಲಿ ಹೆಣ್ಣುಮಗಳೊಬ್ಬಳು ಮನೆಕೆಲಸ ಮುಗಿಸಿ ಶಾಲೆಗೆ ಬರಲು ಪಡುವ ಪಾಡನ್ನು ನೆನಪಿಸಿ, ಹಿಜಾಬ್ ಧರಿಸಿದ್ದಾಳೆಂದು ಅವಳಿಗೆ ಓದು ನಿರಾಕರಿಸಿದರೆ ಅವಳ ಬದುಕು ಹಸನಾಗುತ್ತದೆಯೇ ಎಂದು ಕೇಳಿದರು.

ಪ್ರಕರಣವನ್ನು ದೊಡ್ಡ ಪೀಠ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು. ಆ ಪೀಠದ ಮುಂದೆ ಎರಡೂ ಕಡೆಯ ವಕೀಲರು ಸ್ಟ್ರಾಸ್‌ಬರ್ಗ್ ತೀರ್ಪನ್ನು ಖಂಡಿತ ಓದಿ ಹೇಳುತ್ತಾರೆ. ಆಗ ದಾಖಲೆಯಲ್ಲಿ ಇರಬೇಕಾದದ್ದು ಇಷ್ಟು: ಯಾವ ತರಗತಿಯಲ್ಲಿ, ಯಾವ ದಿನ, ಯಾರ ಕಲಿಕೆಗೆ ಅಡ್ಡಿಯಾಯಿತು. ಯಾವ ಸಹಪಾಠಿಯ ಮೇಲೆ ಯಾರು ಒತ್ತಡ ಹಾಕಿದರು. ಸಮವಸ್ತ್ರದ ಬಣ್ಣದ್ದೇ ಶಾಲು ತಲೆಗೆ ಹಾಕಿಕೊಳ್ಳಲು ಬಿಡಿ ಎಂಬ ಮನವಿಯನ್ನು ಪರಿಶೀಲಿಸಿದರೋ ಇಲ್ಲವೋ. ತಡೆದ ಮೇಲೆ ಎಷ್ಟು ಹುಡುಗಿಯರು ಪರೀಕ್ಷೆ ಬರೆಯಲಿಲ್ಲ, ಎಷ್ಟು ಮಂದಿ ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು.